ತಾತನ ಕೋಲು, ಅಣ್ಣನ ಅಳತೆ

ಪ್ರಾದೇಶಿಕ ಆರ್ಥಿಕತೆಗೆ ಬೆನ್ನೆಲುಬು ಅಂತ ಒಂದಿದೆ ಅನ್ನುವುದು ಐವತ್ತೊಂದು ವರ್ಷ ನನಗೆ ಗೊತ್ತಿರಲಿಲ್ಲ. ಗೊತ್ತಾದ ದಿನವೇ ಅದು ನಮ್ಮಣ್ಣ ಅಂತಲೂ ಗೊತ್ತಾಯಿತು. ಹೇಳಿದವರು ಕೈಗಾರಿಕಾ ಕಚೇರಿಯ ಸಾಹೇಬರು. ಒಂದು ಭಾನುವಾರ, ತಣ್ಣಗಿನ ದೊಡ್ಡ ಹಾಲ್‌ನಲ್ಲಿ, ಮೈಕಿನ ಮುಂದೆ ನಿಂತು, ಗೋಡೆಯ ಮೇಲೆ ಬಣ್ಣಬಣ್ಣದ ಚಿತ್ರ ಬಿಟ್ಟು, "ನಮ್ಮ ಪ್ರದೇಶದ ಆರ್ಥಿಕತೆ ವೈವಿಧ್ಯಗೊಳ್ಳುತ್ತಿದೆ, ಅದಕ್ಕೆ ಕುಟುಂಬ ಉದ್ಯಮಗಳೇ ಬೆನ್ನೆಲುಬು" ಅಂದರು. ಮುಂದಿನ ಸಾಲಿನಲ್ಲಿದ್ದ ಅಣ್ಣ ಆಗ ಸೊಂಟನೋವಿಗೆ ಮನೆಯಿಂದ ತಂದ ದಿಂಬನ್ನು ಬೆನ್ನ ಹಿಂದೆ ತುರುಕಿಕೊಳ್ಳುತ್ತಿದ್ದ. ಬೆನ್ನೆಲುಬಿನ ಅಸಲಿ ಸ್ಥಿತಿ ಸಾಹೇಬರಿಗೆ ಹೇಗೆ ಗೊತ್ತಾಗಬೇಕು.

ಆಮೇಲೆ ಅವನನ್ನು ಮೇಲೆ ಕರೆದು ಒಂದು ಫಲಕ ಕೊಟ್ಟರು. ಮರದ ಹಲಗೆ, ಅದರ ಮೇಲೆ ಹಿತ್ತಾಳೆ ತಗಡು, ತಗಡಿನ ಮೇಲೆ ಕೆತ್ತಿದ ಬೆನ್ನೆಲುಬು ಅನ್ನುವ ಪದ. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರೆ ಅಣ್ಣ ಫಲಕ ತಿರುಗಿಸಿ ಹಿಂಭಾಗ ನೋಡಿದ, ಉಗುರಿನಿಂದ ಕೆರೆದ, "ಹಸಿ ಮರ. ಎರಡು ವರ್ಷದಲ್ಲಿ ಬಿರುಕು ಬಿಡತ್ತೆ" ಅಂದ. ಮೈಕು ಆನ್ ಇತ್ತು.

ನಮ್ಮಣ್ಣ ಅಂದರೆ ಅಷ್ಟೇ. ಉಳಿದಿದ್ದು ವಿವರ. ಆದರೂ ಹೇಳುತ್ತೇನೆ.

ನಮ್ಮದು ಬ್ರಷ್ ಮಾಡುವ ಶೆಡ್ಡು. ಹಲ್ಲುಜ್ಜುವ ಬ್ರಷ್ಷಾ ಅಂತ ಪ್ರತಿಯೊಬ್ಬನೂ ಕೇಳುತ್ತಾನೆ. ಕೇಳಿದವನಿಗೆ ಇನ್ನು ಮೇಲೆ ಅದರ ಅಗತ್ಯವೇ ಬೀಳದ ಹಾಗೆ ಮಾಡಬೇಕು ಅನಿಸುತ್ತದೆ ನನಗೆ. ನಾವು ಮಾಡುವುದು ಯಂತ್ರಗಳಿಗೆ ಹಾಕುವ ಪಟ್ಟಿ ಬ್ರಷ್. ಉದ್ದನೆಯ ಹಲಗೆಪಟ್ಟಿಯಲ್ಲಿ ಸಾಲಾಗಿ ತೂತು ಕೊರೆದು, ಒಂದೊಂದು ತೂತಿಗೂ ಒಂದಿಷ್ಟು ನಾರು ಮಡಚಿ, ತಂತಿಯಿಂದ ಬಿಗಿದು ಕೂರಿಸಬೇಕು. ಹಾಗೆ ಕೂರಿಸಿದ್ದಕ್ಕೆ ನಮ್ಮಲ್ಲಿ ಜುಟ್ಟು ಅನ್ನುತ್ತೇವೆ. ತಾತನ ಕಾಲದಿಂದ ನಮಗಿದ್ದಿದ್ದು ಒಂದೇ ಗಿರಾಕಿ, ನೂಲಿನ ಮಿಲ್ಲು. ಅದರ ಉರುಳೆಗಳ ಮೇಲೆ ಕೂರುವ ಹತ್ತಿಧೂಳನ್ನು ಅರವತ್ತು ವರ್ಷ ಗುಡಿಸಿದ್ದು ನಮ್ಮ ಪಟ್ಟಿಗಳೇ.

ಅಪ್ಪನ ಕೈ ನಡುಗಲು ಶುರುವಾದಾಗ ಅಣ್ಣನಿಗೆ ಹದಿನಾಲ್ಕು. ಸ್ಕೂಲು ಬಿಟ್ಟು ಬೆಂಚಿಗೆ ಬಂದ. ಇವತ್ತಿಗೆ ಅರವತ್ತೆರಡು, ಮೊನ್ನೆಮೊನ್ನೆಯವರೆಗೆ ಕೆಲಸದ ದಿನ ಆ ಬೆಂಚು ಬಿಟ್ಟಿದ್ದು ಮದುವೆಗೆ ಒಂದು ಸಲ, ಮಗಳು ಹುಟ್ಟಿದಾಗ ಒಂದು ಸಲ. ಎರಡು ಸಲವೂ ಬೇಗ ವಾಪಸ್ ಬಂದ ಅಂತ ಅತ್ತಿಗೆ ಈಗಲೂ ಹೇಳುತ್ತಾರೆ. ನಾರು ಬಂದರೆ ಒಂದು ಹಿಡಿ ತೆಗೆದು ಕೆನ್ನೆಗೆ ಉಜ್ಜಿ ನೋಡುತ್ತಾನೆ. "ಇದು ಬೇಡ, ಇದು ಸೋಮಾರಿ" ಅನ್ನುತ್ತಾನೆ. ನಾರು ಸೋಮಾರಿ ಹೇಗಾಗುತ್ತದೆ ಅಂತ ವ್ಯಾಪಾರಿ ಕೇಳಿದರೆ, "ಬಗ್ಗಿದ್ದು ಏಳಲ್ಲ, ನಿನ್ನ ಥರ" ಅಂತ ಶಾಂತವಾಗಿ ಹೇಳುತ್ತಾನೆ. ಸಿಟ್ಟು ಮಾತ್ರ ಅವನಿಗೆ ಬರುವುದೇ ಇಲ್ಲ. ಮನೆತನದ ಸಿಟ್ಟೆಲ್ಲ ನನ್ನ ಪಾಲಿಗೆ ಬಂತು.

ಇನ್ನೊಂದು ವಿಷಯ ಹೇಳಲೇಬೇಕು, ತಾತನ ಕೋಲು. ಊರಿಗೆ ಮೀಟರಿನ ಲೆಕ್ಕ ಹೊಸದಾಗಿ ಬಂದ ಕಾಲಕ್ಕೆ ತಾತ ಮಿಲ್ಲಿನ ಎಂಜಿನಿಯರರ ಉಕ್ಕಿನ ಅಳತೆಪಟ್ಟಿ ಪಕ್ಕ ಇಟ್ಟು, ಗಟ್ಟಿ ಮರದಲ್ಲಿ ಸರಿಯಾಗಿ ಒಂದು ಮೀಟರಿನ ಕೋಲು ಕತ್ತರಿಸಿಕೊಂಡನಂತೆ. ಅಂದಿನಿಂದ ಶೆಡ್ಡಿನ ಕಟ್ಟಳೆ ಒಂದೇ. ಯಾವ ಪಟ್ಟಿಯೂ ಕೋಲಿನ ಪಕ್ಕ ಮಲಗದೆ ಬಾಗಿಲು ದಾಟಬಾರದು. ಅದಕ್ಕೆ "ಕೋಲಿಗೆ ತೋರಿಸೋದು" ಅನ್ನುತ್ತೇವೆ. ತೋರಿಸುವ ಹಕ್ಕು ಹಿರಿಯನದು, ಅಂದರೆ ಅಣ್ಣನದು. ಟೇಪು ಅವನಿಗೆ ಆಗದು. "ಅಳೆದ ಮೇಲೆ ಸುರುಳಿ ಸುತ್ತಿಕೊಂಡು ಒಳಗೆ ಹೋಗಿ ಬಚ್ಚಿಟ್ಟುಕೊಳ್ಳತ್ತೆ. ಸಾಕ್ಷಿ ಹೇಳಿ ಓಡಿಹೋಗೋನನ್ನ ಯಾರು ನಂಬ್ತಾರೆ?"

ಕೋಲು ಇರುವುದು ನನ್ನ ಸ್ಟೂಲಿನ ಪಕ್ಕದ ಮೊಳೆಯಲ್ಲಿ. ಅದಕ್ಕೆ ನಾನು ಕೊಟ್ಟ ಇನ್ನೊಂದು ಕೆಲಸವೂ ಇತ್ತು. ಯಾರಾದರೂ ತೂತು ಓರೆ ಕೊರೆದರೆ, ಜುಟ್ಟು ಸಡಿಲ ಬಿಟ್ಟರೆ, ಕೋಲು ತೆಗೆದು ಸಿಮೆಂಟು ನೆಲಕ್ಕೆ ಎರಡು ಸಲ ಕುಟ್ಟುತ್ತಿದ್ದೆ. ಯಾರಿಗೂ ಒಂದು ಏಟು ಹಾಕಿದವನಲ್ಲ, ಬರೀ ಸದ್ದು. ಆ ಸದ್ದಿಗೆ ಆರೂ ಜನ ಕೆಲಸಗಾರರ ಬೆನ್ನು ನೆಟ್ಟಗಾಗುತ್ತಿತ್ತು. ನೆಲದ ಆ ಜಾಗದಲ್ಲಿ ಒಂದು ಗುಂಡಿ ಬಿದ್ದಿದೆ. ನೆಲ ತೊಳೆದಾಗಲೆಲ್ಲ ಅದರಲ್ಲಿ ನೀರು ನಿಂತು, ಅತ್ತಿಗೆಯ ಬಾಯಲ್ಲಿ ನನ್ನ ಹೆಸರು ಬರುತ್ತದೆ.

ಸರಿ, ಮಿಲ್ಲು ಮುಚ್ಚಿತು. ಮುಚ್ಚಿದ ಮೇಲೆ ಆರ್ಥಿಕತೆ ವೈವಿಧ್ಯಗೊಳ್ಳಲು ಶುರುವಾಯಿತು. ಸಾಹೇಬರ ಭಾಷೆಯಲ್ಲಿ ಅದು ಒಳ್ಳೆಯ ಮಾತು. ನಮ್ಮ ಬೀದಿಯ ಭಾಷೆಯಲ್ಲಿ ಹೇಳಬೇಕೆಂದರೆ, ನೂಲು ತೆಗೆಯುತ್ತಿದ್ದವನು ಮೊಬೈಲಿಗೆ ಗಾಜು ಅಂಟಿಸುತ್ತಾನೆ, ಮಿಲ್ಲಿನ ಫಿಟ್ಟರು ಮಿಕ್ಸಿ ರಿಪೇರಿ ಮಾಡುತ್ತಾನೆ, ಮಿಲ್ಲಿನ ಗೇಟ್ ಕಾಯುತ್ತಿದ್ದವನು ಮಿಲ್ಲಿಲ್ಲದಿದ್ದರೂ ಅಭ್ಯಾಸಬಲಕ್ಕೆ ಅಲ್ಲೇ ಕೂತಿರುತ್ತಾನೆ. ನಾವು ಪೊರಕೆಗೂ ನಾಲ್ಕು ತಿಂಗಳು ಕೈ ಹಾಕಿದೆವು. ಅಣ್ಣ ಮಾಡಿದ ಪೊರಕೆ ಹತ್ತು ವರ್ಷ ಬಾಳಿಕೆ ಬರುತ್ತದೆ. ತಗೊಂಡವರು ಇನ್ನೂ ಮತ್ತೆ ಬಂದಿಲ್ಲ.

ಆಗ ಶೆಡ್ಡಿನ ಹಿಂದಿನ ಗೋದಾಮಿನವನು ಬಂದ. ಶೆಡ್ಡು ತನಗೆ ಕೊಟ್ಟುಬಿಡಿ, ಪೆಟ್ಟಿಗೆ ಪೇರಿಸಲು ಜಾಗ ಬೇಕು ಅಂದ. ಟೇಪು ಹಿಡಿದು ಗೋಡೆಯಿಂದ ಗೋಡೆಗೆ ಅಳೆದೂ ಆಯಿತು. ಅಣ್ಣ ಬೆಂಚಿನಿಂದ ತಲೆ ಎತ್ತದೆ, "ಆ ಟೇಪ್ ನಂಬಬೇಡಿ" ಅಂತ ಬುದ್ಧಿ ಹೇಳಿದ. ನಾನು ಕೋಲು ಕುಟ್ಟಿದೆ. ಅವನು ಹೋದ, ಆದರೆ ಮುಂದಿನ ತಿಂಗಳ ಕೊನೆಗೆ ಬರುತ್ತೇನೆ ಅಂತ ಹೇಳಿ ಹೋದ.

ಅದೇ ವಾರ ಅಣ್ಣನ ಮಗಳು ಆರ್ಡರ್ ತಂದಳು. ಮೂವತ್ತರ ಹುಡುಗಿ, ಬೇರೊಂದು ಕಾರ್ಖಾನೆಯ ಸ್ಟೋರ್ ನೋಡಿಕೊಂಡಿದ್ದು, ನಮ್ಮ ಅವಸ್ಥೆ ನೋಡಲಾಗದೆ ವಾಪಸ್ ಬಂದವಳು. ಊರಾಚೆ ಜ್ಯೂಸಿನ ಕಾರ್ಖಾನೆ ಇದೆ, ಶುರುವಾಗಿ ನಾಲ್ಕೈದು ವರ್ಷ. ಖಾಲಿ ಗಾಜಿನ ಬಾಟಲಿಗಳನ್ನು ವಾಪಸ್ ತಂದು ತೊಳೆಯುತ್ತಾರೆ. ತೊಳೆಯುವ ಯಂತ್ರಕ್ಕೆ ಪಟ್ಟಿ ಬ್ರಷ್ ಬೇಕು. ಹಲಗೆ ಪ್ಲಾಸ್ಟಿಕ್ಕಿನದು, ಜುಟ್ಟು ನೈಲಾನಿನದು.

"ಮೊದಲು ನೂರ ಅರವತ್ತು ಪಟ್ಟಿ ಪರೀಕ್ಷೆಗೆ ಅಪ್ಪ. ಪಾಸಾದರೆ ವರ್ಷಪೂರ್ತಿ ನಮ್ಮದೇ. ಫೇಲಾದರೆ ಗೋದಾಮಿನವರಿಗೆ ನಾನೇ ಬೀಗದ ಕೈ ಕೊಟ್ಟುಬರ್ತೀನಿ."

"ಅಳತೆ ಎಷ್ಟು?"

"ಉದ್ದ ಸರಿಯಾಗಿ ಒಂದು ಮೀಟರ್."

ಅಣ್ಣನ ಮುಖದಲ್ಲಿ ಅಂಥ ನಗು ನಾನು ಮಿಲ್ಲು ಮುಚ್ಚಿದ ಮೇಲೆ ನೋಡಿರಲಿಲ್ಲ. "ಮೀಟರಾ? ಮೀಟರ್ ನಮ್ಮ ಮನೇಲೇ ನೇತಾಡ್ತಾ ಇದೆಯಲ್ಲಮ್ಮ."

ಮಗಳು ಟೇಪಿನಲ್ಲೇ ಅಳೆದು ಹಲಗೆ ಕತ್ತರಿಸಿದಳು. ಅಣ್ಣ ನೈಲಾನನ್ನು ಕೆನ್ನೆಗೆ ಉಜ್ಜಿ, "ಇದಕ್ಕೆ ಸ್ವಭಾವವೇ ಇಲ್ಲ" ಅಂತ ಗೊಣಗಿದರೂ ಕೂತ. ನಾವೆಲ್ಲ ಕೂತೆವು. ಹದಿನೆಂಟು ದಿನ ಆ ಶೆಡ್ಡಿನಲ್ಲಿ ಡ್ರಿಲ್ಲಿಂಗ್ ಮೆಷಿನ್ನಿನ ಸದ್ದು ಬಿಟ್ಟರೆ ನನ್ನ ಸದ್ದು, ನನ್ನದು ಬಿಟ್ಟರೆ ಅದರದು. ಶನಿವಾರ ಸಂಜೆಗೆ ನೂರ ಅರವತ್ತೂ ಮುಗಿದವು. ಸೋಮವಾರ ಬೆಳಿಗ್ಗೆ ಗಾಡಿ ಬರುವುದಿತ್ತು. ಭಾನುವಾರ ಮಗಳು ಗೆಳತಿಯ ಮನೆಗೆ ಹೋದಳು.

ಭಾನುವಾರ ಮಧ್ಯಾಹ್ನ ಅಣ್ಣ ನನ್ನನ್ನು ಶೆಡ್ಡಿಗೆ ಕರೆದ. ಬೆಂಚಿನ ಮೇಲೆ ಕೋಲು, ಪಕ್ಕದಲ್ಲಿ ಪಟ್ಟಿ. ಪಟ್ಟಿ ಕೋಲಿಗಿಂತ ಒಂದು ಬೆರಳಿನ ಅಗಲಕ್ಕೂ ಸ್ವಲ್ಪ ಕಮ್ಮಿ ಮುಂದೆ ಬಂದಿತ್ತು. ಇನ್ನೊಂದನ್ನು ಇಟ್ಟ, ಅದೂ ಹಾಗೇ. ಮತ್ತೊಂದು, ಅದೂ.

"ಎಲ್ಲ ಉದ್ದ ಆಗಿದೆ ಕಣೋ" ಅಂದ ಅಣ್ಣ, ಯಾರೋ ಹೋಗಿಬಿಟ್ಟ ಸುದ್ದಿ ಹೇಳುವವನ ಹಾಗೆ.

ನಾನು ಬಾಯಿಗೆ ಬಂದ ಹಾಗೆ ಬೈದೆ. ಟೇಪು ಕಂಡುಹಿಡಿದವನನ್ನು ಬೈದೆ, ಹೆಣ್ಣುಮಕ್ಕಳಿಗೆ ಸ್ಟೋರ್ ಕೆಲಸ ಕೊಟ್ಟವರನ್ನು ಬೈದೆ. ಮಗಳಿಗೊಂದು ಫೋನ್ ಮಾಡಿ ಕೇಳೋಣ ಅಂತ ಇಬ್ಬರಿಗೂ ಹೊಳೆಯಲಿಲ್ಲ. ಹೊಳೆಯುವುದು ಹೇಗೆ? ತಾತನ ಕೋಲು ಎದುರಿಗಿದೆ. ಪಟ್ಟಿಯ ತುದಿಯಲ್ಲಿ ಮೊದಲ ಜುಟ್ಟಿಗೆ ಮುಂಚೆ ಒಂದಿಷ್ಟು ಖಾಲಿ ಜಾಗ ಇರುತ್ತದೆ. ನಾನು ಒತ್ತಿ ಹಿಡಿದೆ, ಅಣ್ಣ ಸಣ್ಣ ಗರಗಸದಲ್ಲಿ ಕೊಯ್ದ. ನೂರ ಅರವತ್ತು ಪಟ್ಟಿ, ನೂರ ಅರವತ್ತು ಚೂರು. ಕೊಯ್ದ ತುದಿಗಳನ್ನು ಅಣ್ಣ ಉಪ್ಪುಕಾಗದದಲ್ಲಿ ತಿಕ್ಕಿ ನುಣುಪು ಮಾಡಿದ. ಅಷ್ಟು ಅಚ್ಚುಕಟ್ಟಾಗಿ ಮನೆ ಹಾಳು ಮಾಡಿಕೊಂಡವರು ಲೋಕದಲ್ಲಿ ಬೇರೆ ಇರಲಾರರು.

"ಅವಳಿಗೆ ಹೇಳಬೇಡ. ಬೇಜಾರ್ ಮಾಡ್ಕೋತಾಳೆ" ಅಂದ ಅಣ್ಣ, ಚೂರುಗಳನ್ನು ಡಬ್ಬಿಗೆ ತುಂಬುತ್ತ.

ಸೋಮವಾರ ಗಾಡಿ ಹೋಯಿತು. ಬುಧವಾರ ಕಾರ್ಖಾನೆಯಿಂದ ಫೋನ್ ಬಂತು. ಮಗಳು ಸ್ಕೂಟರ್ ಹತ್ತಿ ಹೋದವಳು ಎರಡು ಗಂಟೆ ಬಿಟ್ಟು ವಾಪಸ್ ಬಂದಳು. ಕೈಯಲ್ಲಿ ಒಂದು ಪಟ್ಟಿ. ಅದನ್ನು ಅಪ್ಪನ ಮುಂದೆ ಬೆಂಚಿನ ಮೇಲೆ ಇಟ್ಟಳು.

"ಯಂತ್ರಕ್ಕೆ ಹಾಕಿದ ತಕ್ಷಣ ಕಳಚಿ ಬಿತ್ತಂತೆ. ಒಂದಾದ ಮೇಲೊಂದು. ಎರಡು ತುದೀನೂ ಯಂತ್ರದ ಹಿಡಿಕೆಯಲ್ಲಿ ಕೂರಬೇಕು, ಒಂದು ತುದಿ ಕೂರಲ್ಲ. ಒಂಬತ್ತು ಮಿಲಿಮೀಟರ್ ಕಮ್ಮಿ ಇದೆ. ನಾನು ಕತ್ತರಿಸಿದಾಗ ಸರಿ ಇತ್ತಲ್ಲ ಅಪ್ಪ?"

"ನೀನು ಕತ್ತರಿಸಿದಾಗ ಉದ್ದ ಇತ್ತು. ನಾವು ಸರಿ ಮಾಡಿದ್ವಿ."

ಅವಳು ನನ್ನ ಕಡೆ ತಿರುಗಿದಳು. "ಚಿಕ್ಕಪ್ಪ?"

"ನನ್ನೇನು ನೋಡ್ತೀಯ? ನಾನು ಬರೀ ಒತ್ತಿ ಹಿಡಿದಿದ್ದೆ."

ಕೂಗಾಡಲಿಲ್ಲ ಹುಡುಗಿ. ಕೂಗಾಡಿದ್ದರೆ ನಾನೂ ಕೂಗಾಡಿ ಗೆದ್ದುಬಿಡುತ್ತಿದ್ದೆ. ಚೀಲದಿಂದ ಟೇಪು ತೆಗೆದು ಕೋಲಿನ ಪಕ್ಕ ಎಳೆದಳು. ಒಂಬೈನೂರ ತೊಂಬತ್ತೊಂದು. ಪಕ್ಕದ ಬಡಗಿಯಿಂದ ಇನ್ನೊಂದು ಟೇಪು ತಂದಳು. ಒಂಬೈನೂರ ತೊಂಬತ್ತೊಂದು. ಬಟ್ಟೆ ಅಂಗಡಿಯಿಂದ ಮೀಟರಿನ ಕಬ್ಬಿಣದ ಅಳತೆಕಡ್ಡಿಯನ್ನೇ ಕೇಳಿ ತಂದಳು. ಅದರ ಪಕ್ಕವೂ ಕೋಲು ಅಷ್ಟೇ ಗಿಡ್ಡ.

"ಮೂರೂ ಸೇರಿ ಸುಳ್ಳು ಹೇಳ್ತಾವಾ ಅಪ್ಪ?"

"ಮೂರೂ ಒಂದೇ ಕಂಪನಿಯವು ಇರಬೇಕು" ಅಂದ ಅಣ್ಣ. ದನಿ ಮಾತ್ರ ಮೊದಲಿನ ಹಾಗಿರಲಿಲ್ಲ.

ಟವೆಲು ಹೆಗಲಿಗೆ ಹಾಕಿ ಎದ್ದ. ನಾನೂ ಹಿಂದೆ ಹೋದೆ. ಹೋಗಿ ನಿಂತಿದ್ದು ಮಿಕ್ಸಿ ರಿಪೇರಿ ಅಂಗಡಿ ಮುಂದೆ. ಮಿಲ್ಲಿನ ಹಳೇ ಫಿಟ್ಟರು ಒಂದು ಮಿಕ್ಸಿಯ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದ.

"ನಮ್ಮ ಪಟ್ಟಿ ಯಾವತ್ತಾದರೂ ಗಿಡ್ಡ ಬಂದಿದ್ದವಾ?" ಅಂತ ಕೇಳಿದ ಅಣ್ಣ.

ಫಿಟ್ಟರು ಸ್ಕ್ರೂಡ್ರೈವರ್ ಕೆಳಗಿಟ್ಟ. "ಈಗ ಕೇಳ್ತಿದ್ದೀರಲ್ಲ ಯಜಮಾನ್ರೆ. ಎರಡು ಮೂರು ವರ್ಷಕ್ಕೊಂದು ಸಲ ಪಟ್ಟಿ ಹಿಡಿಯೋ ಹಿಡಿಕೆಗಳನ್ನ ಚೂರು ಚೂರೇ ಒಳಕ್ಕೆ ತಳ್ಳುತ್ತಿದ್ದೆ. ಇಡೀ ಮಿಲ್ಲಿನ ಮೆಷಿನ್ನುಗಳನ್ನ ನಿಮ್ಮ ಪಟ್ಟಿಗೆ ಹೊಂದಿಸಿಟ್ಟಿದ್ದೆ."

"ಒಂದು ಮಾತು ಹೇಳೋದಲ್ವಾ?"

"ಮರ ಉಳಿಸ್ತಾ ಇದ್ದೀರಿ ಅಂದ್ಕೊಂಡೆ. ದೊಡ್ಡವರ ಮನೆ ವಿಷಯ, ನಾನ್ಯಾಕೆ ಬಾಯಿ ಹಾಕಲಿ ಅಂತ."

ನೋಡಿ, ಮರ್ಯಾದೆ ಅಂದರೆ ಇದು. ಒಂದು ಮನೆಯ ಕೋಲು ಸವೆಯುತ್ತದೆ, ಒಂದು ಮಿಲ್ಲು ಸದ್ದಿಲ್ಲದೆ ಅದರ ಜತೆ ಕುಗ್ಗುತ್ತದೆ, ಯಾರ ಮನಸ್ಸಿಗೂ ನೋವಾಗುವುದಿಲ್ಲ. ಸಾಹೇಬರು ಇದನ್ನೂ ಗೋಡೆಯ ಮೇಲೆ ಬಿಡಬೇಕಿತ್ತು.

ವಾಪಸ್ ಬಂದು ಅಣ್ಣ ಕೋಲನ್ನು ಕಿಟಕಿಯ ಬೆಳಕಿಗೆ ಹಿಡಿದ. ಮೇಲಿನ ತುದಿ ಚೌಕವಾಗಿ, ತಾತ ಕತ್ತರಿಸಿದ ಹಾಗೇ ಇತ್ತು. ಕೆಳಗಿನ ತುದಿ ಹಳೇ ಚಪ್ಪಲಿಯ ಹಿಮ್ಮಡಿಯ ಹಾಗೆ ದುಂಡಗಾಗಿತ್ತು. ಅದನ್ನು ಹೆಬ್ಬೆರಳಿನಿಂದ ಸವರಿದ. ಸವರುತ್ತ ಸವರುತ್ತ ಅವನ ಕಣ್ಣು ಕೆಳಗಿಳಿಯಿತು. ನನ್ನ ಸ್ಟೂಲು. ಸ್ಟೂಲಿನ ಪಕ್ಕದ ಗುಂಡಿ. ಬೆಳಿಗ್ಗೆ ತೊಳೆದ ನೀರು ಇನ್ನೂ ಅದರಲ್ಲಿ ನಿಂತಿತ್ತು. ಅಣ್ಣ ಕೋಲಿನ ತುದಿಯನ್ನು ಮೆಲ್ಲಗೆ ಆ ಗುಂಡಿಯೊಳಗೆ ಇಳಿಸಿದ. ಮುಚ್ಚಳ ಕೂತ ಹಾಗೆ ಕೂತಿತು.

ಆರು ಜನ ಕೆಲಸಗಾರರು ಚಾವಣಿ ನೋಡಿದರು. ಮಗಳು ಹೊರಗೆ ಫೋನಿನಲ್ಲಿದ್ದಳು. ಅಣ್ಣ ನನ್ನ ಹತ್ತಿರ ಬಂದು, ಬೇರೆ ಯಾರಿಗೂ ಕೇಳದ ಹಾಗೆ ಹೇಳಿದ:

"ಮೂವತ್ತು ವರ್ಷಕ್ಕೆ ಒಂಬತ್ತು ಮಿಲಿಮೀಟರ್. ನಾನು ಇನ್ನೂ ಜಾಸ್ತಿ ಇರತ್ತೆ ಅಂದ್ಕೊಂಡಿದ್ದೆ ಕಣೋ ನಿನ್ನ ಸಿಟ್ಟು."

ಜೀವನದಲ್ಲಿ ಮೊದಲ ಸಲ ನನಗೆ ಬೈಯಲು ಯಾರೂ ಸಿಗಲಿಲ್ಲ.

ಮಾರನೇ ದಿನ ಅಣ್ಣ ತಾನೇ ಕಾರ್ಖಾನೆಗೆ ಹೊರಟ. ಮಿಕ್ಸಿ ಅಂಗಡಿಗೆ ಹೋಗಿಬಂದದ್ದು ಬಿಟ್ಟರೆ, ಕೆಲಸದ ದಿನ ಬೆಂಚು ಬಿಟ್ಟು ಹೊರಟಿದ್ದು ಇದು ಮೂರನೇ ಸಲ. ಕೋಲನ್ನೂ ತಗೊಂಡ. ಮಗಳ ಸ್ಕೂಟರಿನ ಹಿಂದೆ, ಒಂದು ಕೈಯಲ್ಲಿ ದಿಂಬು, ಇನ್ನೊಂದು ಕೈಯಲ್ಲಿ ಕೋಲು ಹಿಡಿದು ಕೂತ ಬೆನ್ನೆಲುಬನ್ನು ನಾನು ಸೈಕಲ್ಲಿನಲ್ಲಿ ಹಿಂಬಾಲಿಸಿದೆ.

ಯಂತ್ರಗಳನ್ನು ನೋಡಿಕೊಳ್ಳುವ ಮುಖ್ಯಸ್ಥ ಇಸ್ತ್ರಿ ಅಂಗಿಯ ಮನುಷ್ಯ. ಮಾತಾಡುವ ಮೊದಲೇ ಒಂದು ಫಾರಂ ಮುಂದೆ ತಳ್ಳಿದ. ದೋಷ ಯಾವುದು, ಕಾರಣ ಏನು, ಯಾರ ಜವಾಬ್ದಾರಿ, ಮುಂದೆ ಆಗದಂತೆ ಏನು ಮಾಡುತ್ತೀರಿ. ಪ್ರತಿ ಪ್ರಶ್ನೆಗೂ ಒಂದೊಂದು ಚೌಕ. ಮಗಳು ಪೆನ್ನು ತೆಗೆದಳು, ಅಣ್ಣ ಅವಳ ಕೈಯಿಂದ ಇಸಿದುಕೊಂಡ. ಅವನ ಅಕ್ಷರ ಹದಿನಾಲ್ಕನೇ ವಯಸ್ಸಿನಲ್ಲೇ ನಿಂತುಹೋಗಿದೆ. ದುಂಡಗೆ, ದೊಡ್ಡದಾಗಿ, ನಿಧಾನಕ್ಕೆ ಬರೆದ.

ದೋಷ: ಪಟ್ಟಿ ಗಿಡ್ಡ. ಕಾರಣ: ಅಳತೆ ಕೋಲು ಸವೆದಿತ್ತು.

ಮುಖ್ಯಸ್ಥ ಕೋಲನ್ನು ತಿರುಗಿಸಿ ತಿರುಗಿಸಿ ನೋಡಿದ. "ಇಷ್ಟು ಗಟ್ಟಿ ಮರ ಹೇಗೆ ಸವೆಯಿತು?"

ನಾನು ಬಾಗಿಲ ಹತ್ತಿರ ನಿಂತು ಬಾಟಲಿ ತೊಳೆಯುವುದನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದೆ.

"ವಯಸ್ಸಾಗಿತ್ತು" ಅಂದ ಅಣ್ಣ.

ಯಾರ ಜವಾಬ್ದಾರಿ ಅನ್ನುವ ಚೌಕದಲ್ಲಿ ತನ್ನ ಹೆಸರು ಬರೆದ. ಮುಂದೆ ಏನು ಮಾಡುತ್ತೀರಿ ಅನ್ನುವುದಕ್ಕೆ "ಕೋಲಿಗೆ ನಿವೃತ್ತಿ. ಮಗಳ ಟೇಪು" ಅಂತ ಬರೆದ. ಆ ನಾಲ್ಕು ಪದ ಬರೆಯಲು ಅವನಿಗೆ ಎಷ್ಟು ಕಷ್ಟವಾಯಿತು ಅಂತ ಪೆನ್ನಿನ ಗುರುತು ನೋಡಿದರೆ ಗೊತ್ತಾಗುತ್ತಿತ್ತು. ಕಾಗದ ಹಿಂದಕ್ಕೆ ಉಬ್ಬಿತ್ತು.

ಮುಖ್ಯಸ್ಥ ಫಾರಂ ಓದಿದ. ಮತ್ತೊಮ್ಮೆ ಓದಿದ. "ಈ ಕುರ್ಚಿಯಲ್ಲಿ ನಾಲ್ಕು ವರ್ಷದಿಂದ ಕೂತಿದ್ದೀನಿ. ಇಲ್ಲಿವರೆಗೆ ಪ್ರತಿಯೊಬ್ಬರೂ ಕಾರಣದ ಚೌಕದಲ್ಲಿ ಸಾಗಣೆಯವರ ತಪ್ಪು ಅಂತಲೇ ಬರೆದಿದ್ದಾರೆ" ಅಂದ. ಪಟ್ಟಿಯ ಜುಟ್ಟೊಂದನ್ನು ಇಕ್ಕಳದಲ್ಲಿ ಹಿಡಿದು ಜಗ್ಗಿದ. ಇಕ್ಕಳ ಜಾರಿತು, ಜುಟ್ಟು ಬರಲಿಲ್ಲ. "ಎಂಟು ದಿನ ಕೊಡ್ತೀನಿ. ಹೊಸದಾಗಿ ನೂರ ಅರವತ್ತು. ಆಗತ್ತಾ?"

ಹದಿನೆಂಟು ದಿನದ ಕೆಲಸ. ಅಣ್ಣ ಮಗಳ ಮುಖ ನೋಡಿದ, ಮಗಳು ನನ್ನ ಮುಖ ನೋಡಿದಳು. "ಆಗತ್ತೆ ಅಂತ ಹೇಳು, ನನ್ನೇನು ನೋಡ್ತೀಯ" ಅಂದೆ.

ಆ ಎಂಟು ದಿನ ಅತ್ತಿಗೆಯೂ ಬೆಂಚಿಗೆ ಬಂದರು. ಮದುವೆಯಾಗಿ ಬಂದ ಹೊಸದರಲ್ಲಿ ಕಲಿತ ಕೈ. ನಮ್ಮ ಕೆಲಸಗಾರರಲ್ಲಿ ಮೂವರನ್ನು ಹಿಂದೆ ಹಾಕಿತು. ಫಿಟ್ಟರು ಮಿಕ್ಸಿ ಅಂಗಡಿಗೆ ಬೀಗ ಹಾಕಿ ಬಂದು ಡ್ರಿಲ್ಲಿಂಗ್ ಮೆಷಿನ್ ನೋಡಿಕೊಂಡ, ಗಿಡ್ಡದ ವಿಷಯ ಹೇಳದೆ ಇದ್ದ ತಪ್ಪಿಗೆ ಅಂತ ತಾನೇ ಹೇಳಿದ. ಅಣ್ಣ ಕನ್ನಡಕ ಏರಿಸಿ ಪ್ರತಿ ಪಟ್ಟಿಗೂ ಟೇಪು ಹಿಡಿದ. ಟೇಪು ಸರ್ರನೆ ಒಳಗೆ ಓಡಿದಾಗಲೆಲ್ಲ ಬೆಚ್ಚಿ, "ಎಲ್ಲಿಗೆ ಓಡ್ತೀಯ, ನಿಲ್ಲು" ಅಂತ ಅದಕ್ಕೆ ಗದರಿಸಿದ. ನಾನು ಎಂಟು ದಿನ ಬೈಗುಳವನ್ನು ಬಾಯಲ್ಲೇ ಇಟ್ಟುಕೊಂಡು ಜುಟ್ಟು ಕೂರಿಸಿದೆ. ಅತ್ತಿಗೆ ನನಗೆ ಹುಷಾರಿಲ್ಲ ಅಂದುಕೊಂಡು ಎರಡು ಸಲ ಹಣೆ ಮುಟ್ಟಿ ನೋಡಿದರು.

ಪಟ್ಟಿಗಳು ಪಾಸಾದವು. ಹೇಳಿದ ಹಾಗೆ ತಿಂಗಳ ಕೊನೆಗೆ ಗೋದಾಮಿನವನು ಬಂದಾಗ ಬಾಗಿಲಲ್ಲೇ ಗಾಡಿಯಿಂದ ಪ್ಲಾಸ್ಟಿಕ್ ಹಲಗೆ ಇಳಿಯುತ್ತಿತ್ತು. ಅವನು ಟೇಪನ್ನು ಜೇಬಿನಿಂದ ತೆಗೆಯಲೇ ಇಲ್ಲ. ಗಿಡ್ಡ ಪಟ್ಟಿಗಳು ಇನ್ನೂ ಮೂಲೆಯಲ್ಲಿವೆ. ಎಲ್ಲಾದರೂ ಒಂಬೈನೂರ ತೊಂಬತ್ತೊಂದು ಮಿಲಿಮೀಟರಿನ ಆರ್ಥಿಕತೆ ಶುರುವಾದರೆ ಹೇಳಿ, ನಮ್ಮಲ್ಲಿ ಸರಕು ಸಿದ್ಧವಿದೆ.

ಕೋಲು ಮೊಳೆಗೆ ವಾಪಸ್ ಬಂದಿದೆ. ಅದರ ಕೆಳತುದಿಗೆ ಅಣ್ಣ ಒಂದು ರಬ್ಬರ್ ಟೋಪಿ ಹಾಕಿದ್ದಾನೆ, ಮುದುಕರ ಊರುಗೋಲಿಗೆ ಇರುತ್ತದಲ್ಲ, ಅಂಥದ್ದು. "ಈಗ ಇದರ ಕೆಲಸ ನಿನ್ನದೊಂದೇ. ಎಷ್ಟು ಬೇಕಾದರೂ ಕುಟ್ಟು" ಅಂದ. ಗುಂಡಿಯಲ್ಲಿ ನೀರು ನಿಲ್ಲಬಾರದು ಅಂತ ಅತ್ತಿಗೆ ಅದರ ಮೇಲೆ ಸಾಹೇಬರು ಕೊಟ್ಟ ಫಲಕವನ್ನು ಮುಚ್ಚಿದ್ದಾರೆ. ಹಲಗೆ ಆಗಲೇ ಬಿರುಕು ಬಿಟ್ಟಿದೆ. ಎರಡು ವರ್ಷ ಅಂದಿದ್ದ ಅಣ್ಣ, ಐದೇ ತಿಂಗಳಿಗೆ ಬಿಟ್ಟಿತು. ಮೊನ್ನೆ ಒಬ್ಬ ತೂತು ಓರೆ ಕೊರೆದ. ಕೈ ತಡೆಯಲಾಗದೆ ಕೋಲು ತೆಗೆದು ಫಲಕದ ಬೆನ್ನೆಲುಬಿನ ಮೇಲೆ ಎರಡು ಸಲ ಕುಟ್ಟಿದೆ. ದುಬ್, ದುಬ್ ಅಂತ, ದಿಂಬಿಗೆ ಗುದ್ದಿದ ಹಾಗೆ ಸದ್ದು. ಒಬ್ಬನೂ ತಿರುಗಿ ನೋಡಲಿಲ್ಲ. ಅಣ್ಣ ಮಾತ್ರ ಬೆಂಚಿನಿಂದ ತಲೆ ಎತ್ತಿ, ಟೇಪಿನ ತುದಿ ಒಂದಿಷ್ಟು ಎಳೆದು ನನಗೆ ತೋರಿಸಿದ. ಒಂಬತ್ತು ಮಿಲಿಮೀಟರ್. ಆಮೇಲೆ ಅದು ಸರ್ರನೆ ಒಳಗೆ ಓಡಿತು, ಅವನು ಅದಕ್ಕೆ ಗದರಿಸಲಿಲ್ಲ.